ವೀರಗಣಾಚಾರಿ ಮಡಿವಾಳ ಮಾಚಿದೇವರು

ಶ್ರೀ ಗುರುಬಸವಲಿಂಗಾಯ ನಮಃ

ಶರಣರಲ್ಲಿ ಕೆಲವರ ಹೆಸರು ಅವರ ಅನುಭಾವದಿಂದ ಉಳಿದಿರುವದು, ಕೆಲವರದು ದಾಸೋಹದಿಂದ, ಕೆಲವರದು ವೈರಾಗ್ಯದಿಂದ. ಮಡಿವಾಳ ಮಾಚಿದೇವರಲ್ಲಿ ಈ ಮೂರೂ ಗುಣಗಳಿದ್ದವು. ಆದರೂ ಭಕ್ತಜನರ ನಾಲಗೆಯಲ್ಲಿ ಅವರ ಹೆಸರಿನೊಡನೆ ಯಾವಾಗಲೂ ಒಂದು ವಿಶೇಷಣವು ಕೂಡಿಯೇ ಬರುವದು. ಅದು ವೀರಗಣಾಚಾರಿ ಎಂಬದು. ಈ ಪದವನ್ನು ಕೇಳಿದ ಕೂಡಲೇ ಬಹುಜನರ ಕಣ್ಣಮುಂದೆ ಕೆಂಗಣ್ಣಿನ, ಕತ್ತಿ ಹಿರಿದ ಮೂರ್ತಿಯೊಂದು ಬಂದು ನಿಲ್ಲುವದು. ಆದರೆ ಮಾಚಿದೇವರ ವೀರವು ಕೋಪದ ವೀರವಾಗಿರಲಿಲ್ಲ, ಕಾಯುವ ವೀರವಾಗಿತ್ತು. ಕಲ್ಯಾಣವು ಕೆಟ್ಟ ಕಾಲದಲ್ಲಿ ಶರಣಸಮೂಹವು ಉಳವಿಯ ಮಲೆಯತ್ತ ಹೊರಟಾಗ, ಅದರ ಬೆನ್ನಿಗೆ ನಿಂತು ಕಾಯ್ದವರು ಅವರೆಂದು ಪರಂಪರೆಯು ಹೇಳುವದು. ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ, ಕಲ್ಯಾಣ ಹುಮನಾಬಾದಗಳ ನೆಲದಲ್ಲಿಯೇ ಹುಟ್ಟಿ ಬೆಳೆದ ಭಕ್ತರ ಮುಂದೆ ಆ ಮಹಾನುಭಾವರ ಚರಿತ್ರೆಯನ್ನು ಸಂಕ್ಷೇಪವಾಗಿ ಇಡುವದು ಉಚಿತವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಜನ್ಮಭೂಮಿಯೂ ಕಾಯಕವೂ

ಮಾಚಿದೇವರ ಜನ್ಮಸ್ಥಳವು ಈಗಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿ. ಈ ಊರು ಭೀಮಾ ಕೃಷ್ಣಾ ನದಿಗಳ ನಡುವಣ ಎರೆಯ ಸೀಮೆಯಲ್ಲಿರುವದು. ತಂದೆ ಪರ್ವತಯ್ಯ, ತಾಯಿ ಸುಜ್ಞಾನವ್ವೆ ಎಂದು ಸಂಪ್ರದಾಯವು ಹೇಳುವದು. ಮನೆತನದ ಕಾಯಕವು ಬಟ್ಟೆಯನ್ನು ಮಡಿಮಾಡುವದು. ಪೌರಾಣಿಕರು ಇವರನ್ನು ವೀರಭದ್ರನ ಅವತಾರವೆಂದು ವರ್ಣಿಸಿರುವರು. ಹುಮನಾಬಾದದ ಶ್ರೀ ವೀರಭದ್ರೇಶ್ವರನ ಸನ್ನಿಧಿಗೆ ವರ್ಷವರ್ಷವೂ ಹೋಗಿಬರುವ ನಮ್ಮ ಭಕ್ತರಿಗೆ ಈ ಮಾತಿನ ಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ. ವೀರಭದ್ರನು ತನ್ನ ಸ್ವಂತದ ಮಾನಕ್ಕಾಗಿ ಆಯುಧ ಹಿಡಿದವನಲ್ಲ. ಸತಿಯ ಅಪಮಾನವನ್ನು ಸಹಿಸದ ಶಿವನ ಆಜ್ಞೆಯಿಂದ ಹುಟ್ಟಿಬಂದವನು. ಮಾಚಿದೇವರ ಚರಿತ್ರೆಯಲ್ಲಿಯೂ ಅವರು ತಮಗಾಗಿ ಕೈಯೆತ್ತಿದ ಒಂದು ಪ್ರಸಂಗವೂ ಕಾಣಬರುವದಿಲ್ಲ.

ಶರಣರ ಕೀರ್ತಿಯನ್ನು ಕೇಳಿ ಮಾಚಿದೇವರು ಹಿಪ್ಪರಗಿಯನ್ನು ಬಿಟ್ಟು ಕಲ್ಯಾಣಕ್ಕೆ ಹೊರಟಾಗ ಭೀಮಾನದಿಯು ಎರಡಾಗಿ ದಾರಿಕೊಟ್ಟಿತೆಂಬ ಕಥೆಯು ಜನರಲ್ಲಿ ಪ್ರಚಲಿತವಾಗಿದೆ. ಇದನ್ನು ಪವಾಡವೆಂದು ನಂಬುವವರು ನಂಬಲಿ. ಇನ್ನೊಂದು ಅಂಶವನ್ನೂ ಇದರೊಡನೆ ವಿಚಾರಿಸಬಹುದು. ಮಡಿವಾಳನ ಬಾಳೆಲ್ಲ ಹೊಳೆಯ ದಂಡೆಯ ಮೇಲೆ ಕಳೆಯುವದು. ನೀರು ಎಲ್ಲಿ ಆಳ, ಎಲ್ಲಿ ತಳದಲ್ಲಿ ಕಲ್ಲು, ಎಲ್ಲಿ ಕೆಸರು, ಯಾವ ತಿಂಗಳಲ್ಲಿ ಸೆಳವು ಹೆಚ್ಚು, ಹೊರೆ ಹೊತ್ತವನು ಯಾವ ದಂಡೆಯನ್ನು ಜಾರದೆ ಏರಬಲ್ಲನು ಎಂಬದು ಅವನಿಗೆ ಗೊತ್ತಿರುವಷ್ಟು ಅರಸನ ದಂಡನಾಯಕನಿಗೆ ಗೊತ್ತಿರಲಾರದು. ನದಿಯು ತನ್ನನ್ನು ಬಲ್ಲವರಿಗೆ ದಾರಿಕೊಡುವದು. ಈ ತಿಳಿವಳಿಕೆಯು ಮುಂದೆ ಎಂತಹ ಕಾಲದಲ್ಲಿ ಬೇಕಾಯಿತೆಂಬದನ್ನು ಮುಂದೆ ನೋಡುವೆವು.

ಕಲ್ಯಾಣದಲ್ಲಿ

ಕಲ್ಯಾಣದಲ್ಲಿ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿಮಾಡುವ ಕಾಯಕವನ್ನು ಕೈಕೊಂಡರು. ಅವರ ಹೆಸರಿನ ಹೊಂಡವನ್ನು ಬಸವಕಲ್ಯಾಣದಲ್ಲಿ ಇಂದಿಗೂ ತೋರಿಸುವರು. ಸೋಮಾರಿಗಳ ಬಟ್ಟೆಯನ್ನು ಅವರು ಮುಟ್ಟುತ್ತಿರಲಿಲ್ಲವೆಂದೂ, ಮಡಿಮಾಡಿದ ಗಂಟನ್ನು ಹೊತ್ತು ಗಂಟೆಯನ್ನು ಬಾರಿಸುತ್ತ ಬೀದಿಯಲ್ಲಿ ಬರುತ್ತಿದ್ದರೆಂದೂ, ಆ ಗಂಟನ್ನು ಯಾರೂ ಮುಟ್ಟಕೂಡದೆಂಬದು ಅವರ ನೇಮವಾಗಿತ್ತೆಂದೂ ಕಥೆಗಳು ಹೇಳುವವು. ಒಮ್ಮೆ ಈ ನೇಮವನ್ನು ಮೀರಿದವನೊಬ್ಬನು ಮಡಿಯಲು, ದೂರು ಬಿಜ್ಜಳನ ಕಿವಿಗೆ ಬಿದ್ದಿತು. ಅರಸನು ಅವರ ಮೇಲೆ ಆನೆಯನ್ನು ಬಿಡಿಸಿದನು. ಮಾಚಿದೇವರು ಆ ಆನೆಯನ್ನು ಕೆಡವಿದರು. ಅರಸನು ತಪ್ಪನ್ನೊಪ್ಪಿಕೊಂಡು ಶರಣಾಗಲು ಸತ್ತುದನ್ನು ಮತ್ತೆ ಎಬ್ಬಿಸಿದರು. ಕೆಡಹುವ ಬಲವುಳ್ಳವನಲ್ಲಿ ಎಬ್ಬಿಸುವ ಕರುಣೆಯೂ ಇರಬೇಕೆಂಬದೇ ಈ ಕಥೆಯ ತಿರುಳು.

ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನವರ ಪ್ರಸಂಗವು ಮಾಚಿದೇವರ ಸ್ವಭಾವವನ್ನು ಇನ್ನೊಂದು ಬಗೆಯಾಗಿ ತೋರಿಸುವದು. ಹುಲ್ಲು ಕೊಯ್ಯುವಾಗ ಚಂದಯ್ಯನವರ ಇಷ್ಟಲಿಂಗವು ಜಾರಿಬಿದ್ದಿತು. ಕಾಯಕನಿಷ್ಠರಾದ ಅವರು ಅದನ್ನು ಅಲ್ಲಿಯೇ ಬಿಟ್ಟು ನಡೆದರು. ಆಗ ಲಿಂಗದ ಪಕ್ಷವನ್ನು ವಹಿಸಿ, ಗುರು ಲಿಂಗ ಜಂಗಮಗಳಲ್ಲಿ ಒಂದನ್ನು ಬಿಟ್ಟು ಒಂದಿಲ್ಲವೆಂದು ಚಂದಯ್ಯನವರನ್ನು ಒಡಂಬಡಿಸಿದವರು ಮಾಚಿದೇವರು. ಬಿದ್ದುದನ್ನು ಬಿಟ್ಟು ಮುಂದೆ ಹೋಗಬಾರದೆಂಬದು ಅವರ ಮತವಾಗಿತ್ತು. ಎಲ್ಲರ ಹಿಂದೆ ನಡೆಯತಕ್ಕವನಿಗೆ ಇದಕ್ಕಿಂತ ತಕ್ಕುದಾದ ಗುಣವು ಬೇರೊಂದಿಲ್ಲ.

ಕಲಿದೇವರದೇವ ಎಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳಲ್ಲಿ ೩೦೦ಕ್ಕೂ ಮಿಕ್ಕಿ ಉಪಲಬ್ಧವಾಗಿವೆ. ಅವುಗಳಲ್ಲಿ ಡಾಂಭಿಕರನ್ನು ಕುರಿತ ಕಠೋರತೆಯಿದೆ. ಬಸವಣ್ಣನವರನ್ನು ಕುರಿತ ತುಂಬುಹೃದಯದ ಗೌರವವೂ ಇದೆ.

ಕಲ್ಯಾಣದ ಕ್ಷೋಭೆ

ಬಿಜ್ಜಳನು ಮೊದಲಿಗೆ ಚಾಲುಕ್ಯರ ಮಾಂಡಲಿಕನಾಗಿದ್ದು ತರುವಾಯ ಕಲ್ಯಾಣದ ಸಿಂಹಾಸನವನ್ನು ವಶಮಾಡಿಕೊಂಡವನು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಆದ ವಿವಾಹವು ಅರಸನ ಕೋಪಕ್ಕೆ ಕಾರಣವಾಯಿತು. ಹರಳಯ್ಯ ಮಧುವರಸರನ್ನು ಎಳೆಹೂಟೆಯ ಶಿಕ್ಷೆಗೆ ಗುರಿಮಾಡಿ ಕೊಲ್ಲಿಸಲಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಕ್ರಿ. ಶ. ೧೧೬೭-೬೮ರ ಸುಮಾರಿಗೆ ಬಿಜ್ಜಳನ ಆಳಿಕೆಯು ಕೊನೆಗೊಂಡು ಅವನ ಮಗನಾದ ರಾಯಮುರಾರಿ ಸೋವಿದೇವನು ಪಟ್ಟಕ್ಕೆ ಬಂದನು. ತಂದೆಯ ಕೊಲೆಯ ಹೊಣೆಯನ್ನು ಶರಣರ ಮೇಲೆ ಹೊರಿಸಿ ಅವನು ಅವರನ್ನು ಬೆನ್ನಟ್ಟಿಸಿದನೆಂದು ಪರಂಪರೆಯ ಹೇಳಿಕೆಯಿದೆ.

ಶರಣರು ಒಂದೇ ದಿಕ್ಕಿಗೆ ಹೋಗಲಿಲ್ಲ. ಕೆಲವರು ಶ್ರೀಶೈಲದ ಕಡೆಗೆ, ಕೆಲವರು ಸಂಗಮದ ಕಡೆಗೆ ನಡೆದರು. ಚನ್ನಬಸವಣ್ಣನವರನ್ನೂ ಅಕ್ಕನಾಗಮ್ಮನವರನ್ನೂ ಒಳಗೊಂಡ ಮುಖ್ಯಸಮೂಹವು ನೈರುತ್ಯಕ್ಕೆ, ಸಹ್ಯಾದ್ರಿಯ ಉಳವಿಯತ್ತ ಹೊರಟಿತು. ಈ ಸಮೂಹದಲ್ಲಿ ಮುದುಕರು, ಹೆಂಗಸರು, ಮಕ್ಕಳು ಇದ್ದರು; ಎಲ್ಲಕ್ಕೂ ಮಿಗಿಲಾಗಿ ವಚನಗಳ ಓಲೆಯ ಕಟ್ಟುಗಳಿದ್ದವು. ಚನ್ನಬಸವಣ್ಣನವರು ಮುಂದಣ ದಾರಿಯ ಹೊಣೆಯನ್ನು ಹೊತ್ತರು. ಹಿಂಗಾವಲಿನ ಹೊಣೆಯು ಮಾಚಿದೇವರದಾಯಿತು.

ಹಿಂಗಾವಲಿನ ಹೊಣೆ

ಹಿಂಗಾವಲು ಎಂದರೆ ಹೇಡಿಗಳ ಸ್ಥಾನವೆಂದು ಸಾಮಾನ್ಯರು ತಿಳಿಯುವದುಂಟು. ದಂಡನೀತಿಯನ್ನು ಬಲ್ಲವರ ಅಭಿಪ್ರಾಯವು ಹಾಗಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡಿನ ಪ್ರಯಾಣಕ್ರಮವನ್ನು ಹೇಳುವಲ್ಲಿ ನಾಯಕನು ಮುಂದೆ, ಸ್ತ್ರೀಜನವೂ ಒಡೆಯನೂ ನಡುವೆ, ಪಕ್ಕಗಳಲ್ಲಿ ಕಾವಲು, ಎಲ್ಲರ ಹಿಂದೆ ಸೇನಾಪತಿ ಎಂದು ವಿಧಿಸಲಾಗಿದೆ. ಸೇನೆಯಲ್ಲಿ ಎಲ್ಲಕ್ಕೂ ಹಿರಿಯನಾದವನ ಸ್ಥಾನವು ಕಟ್ಟಕಡೆಯದು. ಮುಂದೆ ಹೋಗುವವನಿಗೆ ದಾರಿಯು ತಪ್ಪಿದರೆ ತಿದ್ದಿಕೊಳ್ಳಲು ಹಿಂದೆ ಜನರಿರುವರು; ಹಿಂದಿರುವವನು ಸೋತರೆ ಅವನ ಹಿಂದೆ ಶತ್ರುವಿನ ಹೊರತು ಮತ್ತಾರೂ ಇರುವದಿಲ್ಲ.

ಈ ಹೊಣೆಯ ಭಾರವನ್ನು ಒಂದು ಸಾಮಾನ್ಯ ಲೆಕ್ಕದಿಂದ ತಿಳಿಯಬಹುದು. ಕಲ್ಯಾಣದಿಂದ ಉಳವಿಗೆ ಹಕ್ಕಿ ಹಾರುವ ದಾರಿಯಲ್ಲಿಯೇ ಸುಮಾರು ೪೦೦ ಕಿಲೋಮೀಟರ್ ಅಂತರವಿದೆ. ಮಕ್ಕಳು ಮುದುಕರನ್ನು ಕೂಡಿಕೊಂಡು ಹೊರೆ ಹೊತ್ತು ನಡೆಯುವವರು ದಿನಕ್ಕೆ ೧೫ ಕಿಲೋಮೀಟರಿಗಿಂತ ಹೆಚ್ಚು ನಡೆಯುವದು ಕಷ್ಟ. ಆದುದರಿಂದ ಇದು ಒಂದು ತಿಂಗಳಿಗೆ ಕಡಮೆಯಿಲ್ಲದ ಪ್ರಯಾಣ. ಬೆನ್ನಟ್ಟುವ ಕುದುರೆಯ ದಂಡು ದಿನಕ್ಕೆ ಅದರ ಮುಮ್ಮಡಿ ನಡೆಯಬಲ್ಲುದು. ದಂಡು ೧೦ ದಿನ ತಡವಾಗಿ ಹೊರಟಿತೆಂದು ಊಹೆಗಾಗಿ ಇಟ್ಟುಕೊಂಡರೂ, ಐದು ದಿನಗಳಲ್ಲಿ ಅದು ಶರಣರನ್ನು ಕೂಡಿಕೊಳ್ಳುವದು. ಆಗ ಶರಣರು ದಾರಿಯ ಅರ್ಧವನ್ನು ಕಳೆದು ಕೃಷ್ಣೆಯ ಆಸುಪಾಸಿಗೆ ಬಂದಿರುವರು. ಅಲ್ಲಿಂದ ಮುಂದಣ ದಾರಿಯನ್ನೆಲ್ಲ ಹಿಂಗಾವಲು ಕಾದುತ್ತ, ಸರಿಯುತ್ತ, ಮತ್ತೆ ಕಾದುತ್ತ ಸಾಗಬೇಕು. ಕಾಳಗಗಳ ನೆನಪು ಕೃಷ್ಣೆಯಿಂದ ಆಚೆಗೆ, ಮಲಪ್ರಭೆಯ ಸೀಮೆಯಲ್ಲಿ, ಮುರಗೋಡ ಕಾದರವಳ್ಳಿಗಳ ಸುತ್ತಲೇ ದಟ್ಟವಾಗಿ ಉಳಿದಿರುವದು ಈ ಲೆಕ್ಕಕ್ಕೆ ಹೊಂದಿಕೆಯಾಗಿಯೇ ಇದೆ.

ಬಯಲೂ ಹೊಳೆಯೂ

ಕಲ್ಯಾಣದ ಸುತ್ತಣ ನೆಲವನ್ನು ನಮ್ಮ ಭಕ್ತರು ಬಲ್ಲರು. ಚಿಕ್ಕ ಚಿಕ್ಕ ಕಲ್ಲುಗುಡ್ಡಗಳು, ಕೊರಕಲುಗಳು, ಜಂಬಿಟ್ಟಿಗೆಯ ದಿಣ್ಣೆಗಳು. ಕೋಟೆಯು ಕೂಡ ಇಂತಹ ಏರುತಗ್ಗುಗಳ ನಡುವೆ ಅಡಗಿಕೊಂಡಿದ್ದು ದೂರದಿಂದ ಬರುವವನಿಗೆ ಥಟ್ಟನೆ ಕಾಣಿಸದು. ಕಲ್ಯಾಣ ಹುಮನಾಬಾದಗಳ ಈ ಪ್ರಸ್ಥಭೂಮಿಯನ್ನು ಇಳಿದ ಮೇಲೆ ಮಾತ್ರ ಭೀಮಾ ಕೃಷ್ಣೆಯರ ಎರೆಬಯಲು. ಅಲ್ಲಿ ಮರೆಯಿಲ್ಲ, ಕುದುರೆಗೆ ತಡೆಯಿಲ್ಲ. ಬಯಲಿನಲ್ಲಿ ಕಾಲಾಳು ಕುದುರೆಯೊಡನೆ ಕಾದುವದು ಬುದ್ಧಿವಂತಿಕೆಯಲ್ಲ. ಅಲ್ಲಿ ಚಿಕ್ಕ ಚಿಕ್ಕ ತಂಡಗಳಾಗಿ ಹಂಚಿಹೋಗುವದು, ಹಗಲಿಗಿಂತ ಇರುಳನ್ನು ನಂಬುವದು, ಹೊಳೆಗಳನ್ನು ಶತ್ರುವಿಗಿಂತ ಮೊದಲು ದಾಟುವದು, ಇವೇ ರಕ್ಷಣೆಯ ಉಪಾಯಗಳು.

ಇಲ್ಲಿ ಒಂದು ಸಂಗತಿಯು ಗಮನಾರ್ಹವಾಗಿದೆ. ನಕ್ಷೆಯ ಮೇಲೆ ಕಲ್ಯಾಣದಿಂದ ಉಳವಿಗೆ ಒಂದು ಗೆರೆಯನ್ನು ಎಳೆದರೆ ಅದು ದೇವರ ಹಿಪ್ಪರಗಿಯ ಮಗ್ಗುಲಲ್ಲಿಯೇ ಹಾಯ್ದುಹೋಗುವದು. ಎಲ್ಲಕ್ಕೂ ಅಪಾಯಕರವಾದ ಬಯಲು ಮಾಚಿದೇವರು ಹುಟ್ಟಿ ಬೆಳೆದ ಬಯಲು. ಎಲ್ಲಿ ಹೊಳೆಯನ್ನು ನಡೆದು ದಾಟಬಹುದು, ಯಾವ ಹಳ್ಳದಲ್ಲಿ ಬೇಸಗೆಯಲ್ಲಿಯೂ ನೀರು ಸಿಕ್ಕುವದು, ಯಾವ ಊರಿನಲ್ಲಿ ಅನ್ನವಿಕ್ಕುವ ಭಕ್ತರಿರುವರು ಎಂಬದನ್ನು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಕಲ್ಯಾಣದ ಶರಣಸಮೂಹದ ಬಲವೇ ಇದು. ಆ ಕಾಲದ ಶರಣರಲ್ಲಿ ದನ ಕಾಯುವ ತುರುಗಾಹಿ ರಾಮಣ್ಣನವರಿದ್ದರು, ದೋಣಿ ನಡೆಸುವ ಅಂಬಿಗರ ಚೌಡಯ್ಯನವರಿದ್ದರು, ತಳವಾರ ಕಾಮಿದೇವರಿದ್ದರು. ಕಾಲುದಾರಿಯನ್ನು ದನಗಾಹಿಯಂತೆ, ಹೊಳೆಯನ್ನು ಅಂಬಿಗನಂತೆ, ಇರುಳನ್ನು ತಳವಾರನಂತೆ ಬಲ್ಲವರಾರು? ಅರಸನ ದಂಡಿನಲ್ಲಿ ಆನೆ ಕುದುರೆಗಳಿದ್ದವು. ಶರಣಸಮೂಹದಲ್ಲಿ ನೆಲವನ್ನು ಕಾಲಿನಿಂದ ಬಲ್ಲ ಕಾಯಕಜೀವಿಗಳಿದ್ದರು.

ಗುಡ್ಡಗಾಡಿನ ಕಾಳಗ

ಮಲಪ್ರಭೆಯನ್ನು ದಾಟಿದ ಮೇಲೆ ನೆಲದ ಸ್ವರೂಪವು ಬದಲಾಗುವದು. ಬಯಲು ಕಿರಿದಾಗಿ, ಗುಡ್ಡಗಳು ಒತ್ತೊತ್ತಾಗಿ, ಖಾನಾಪುರದ ಕಾಡು ಮೊದಲಾಗುವದು. ಅದರಾಚೆಗೆ ಕಾಳೀನದಿಯ ಕಣಿವೆಗಳು, ಉಳವಿಯ ದಟ್ಟಡವಿ. ಇಲ್ಲಿ ಆನೆಯು ಏರಲಾರದು. ಕುದುರೆಯನ್ನು ಕೈಹಿಡಿದು ನಡೆಸಬೇಕಾಗುವದು. ನೂರು ಜನರು ಸಾಲಾಗಿ ನಿಲ್ಲುವದಕ್ಕೆ ಸ್ಥಳವೇ ಇಲ್ಲ. ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಆಯುಧ ಹಿಡಿದು ನಿಲ್ಲಬಲ್ಲುದು ಕಾಲಾಳು ಮಾತ್ರವೇ ಎಂದು ಕೌಟಿಲ್ಯನು ನಿರ್ಣಯಿಸಿರುವನು. ಕಾಡಿನ ಜನರ ಪಡೆಯನ್ನು ಆಟವಿಕಬಲವೆಂದು ಬೇರೆಯಾಗಿಯೇ ಎಣಿಸುವ ಪದ್ಧತಿಯು ಶಾಸ್ತ್ರದಲ್ಲಿತ್ತು. ಕಲ್ಯಾಣದಲ್ಲಿಯೇ ಆಳಿದ ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಈ ವಿಭಾಗವು ಬಂದಿದೆ.

ಇಂತಹ ನೆಲದಲ್ಲಿ ಕೆಲವೇ ಜನರ ತಂಡವು ಹೇಗೆ ನಡೆಯಬೇಕು, ಹೇಗೆ ಕಾದಬೇಕು ಎಂಬದಕ್ಕೆ ಅನುಭವಿಗಳು ಒಪ್ಪಿದ ಕೆಲವು ನಿಯಮಗಳಿವೆ. ಮೊದಲನೆಯದು, ಕಣಿವೆಯ ತಳದಲ್ಲಿ ಎಲ್ಲರೂ ಗುಂಪಾಗಿ ನಡೆಯಬಾರದು. ಮೇಲಿನಿಂದ ಉರುಳಿದ ಒಂದು ಬಂಡೆಯು ಹತ್ತು ಜನರನ್ನು ಕೆಡಹುವದು. ಹೆಂಗಸರು ಮಕ್ಕಳು ಇಕ್ಕಟ್ಟಿನ ದಾರಿಯನ್ನು ಹೊಗುವ ಮುನ್ನ ಎರಡೂ ಪಕ್ಕದ ಎತ್ತರಗಳನ್ನು ತಮ್ಮವರು ಹಿಡಿದಿರಬೇಕು. ಕಡೆಯವನು ದಾಟುವವರೆಗೆ ಅವರು ಅಲ್ಲಿಂದ ಕದಲಬಾರದು. ಎರಡನೆಯದು, ಗುಡ್ಡದ ನೆತ್ತಿಯ ಮೇಲೆಯೂ ನಡೆಯಬಾರದು; ಆಕಾಶದ ಬೆಳಕಿಗೆ ಎದುರಾಗಿ ನಿಂತವನು ಹರದಾರಿ ದೂರಕ್ಕೆ ಕಾಣಿಸುವನು. ನೆತ್ತಿಯಿಂದ ಸ್ವಲ್ಪ ಕೆಳಗೆ, ಪಕ್ಕೆಯನ್ನು ಹಿಡಿದು ನಡೆಯಬೇಕು. ಮೂರನೆಯದು, ಒಬ್ಬೊಬ್ಬರೇ ನಡೆಯಬೇಕಾದ ಕಾಲುದಾರಿಯಲ್ಲಿ ಸೂಜಿಯಂತೆ ಸಾಲಾಗಿ ಸಾಗಬೇಕು. ಶಾಸ್ತ್ರವು ಇದನ್ನು ಸೂಚೀವ್ಯೂಹವೆಂದು ಕರೆದಿದೆ. ಸಾಲಿನಲ್ಲಿ ಮುಂದಿನವನು ಹಿಂದಿನವನಿಗೆ ಕಾಣುತ್ತಿರಬೇಕು; ಆದರೆ ಒಂದೇ ಏಟಿಗೆ ಇಬ್ಬರೂ ಸಿಕ್ಕುವಷ್ಟು ಹತ್ತಿರವಿರಬಾರದು.

ನಾಲ್ಕನೆಯದು ಹಿಂಗಾವಲಿಗೆ ಮುಖ್ಯವಾದುದು. ಹಿಂದೆ ನಿಲ್ಲುವ ಪಡೆಯನ್ನು ಎರಡು ತಂಡವಾಗಿ ಮಾಡಬೇಕು. ಒಂದು ತಂಡವು ಕಣಿವೆಯ ಬಾಯಲ್ಲಿ ನಿಂತು ಕಾದುತ್ತಿರುವಾಗ, ಇನ್ನೊಂದು ತಂಡವು ಹಿಂದಣ ಗುಡ್ಡದಲ್ಲಿ ಸಿದ್ಧವಾಗಿ ನಿಂತಿರಬೇಕು. ಶತ್ರುವು ಮುಂದೆ ಬರಲಾರದೆ ಪಕ್ಕದ ಗುಡ್ಡಗಳನ್ನು ಏರಿ ಸುತ್ತುಗಟ್ಟಲು ತೊಡಗುವನು. ಆ ಸುತ್ತು ಮುಗಿಯುವ ಮೊದಲೇ ಮುಂದಣ ತಂಡವು ಗೊತ್ತುಮಾಡಿಟ್ಟ ದಾರಿಯಿಂದ ಸರಿದು, ಎರಡನೆಯ ತಂಡವನ್ನು ದಾಟಿ, ಅದರ ಹಿಂದೆ ಮೂರನೆಯ ಇಕ್ಕಟ್ಟನ್ನು ಹಿಡಿಯಬೇಕು. ಹೀಗೆ ಒಬ್ಬರನ್ನೊಬ್ಬರು ದಾಟುತ್ತ ಹೋದರೆ, ಕೆಲವೇ ಜನರು ದೊಡ್ಡ ದಂಡನ್ನು ದಿನಗಟ್ಟಲೆ ತಡೆಯಬಲ್ಲರು. ಇಲ್ಲಿ ಎಷ್ಟು ಶತ್ರುಗಳನ್ನು ಕೊಂದೆವೆಂಬ ಲೆಕ್ಕವಿಲ್ಲ. ಎಷ್ಟು ಹೊತ್ತನ್ನು ಗಳಿಸಿದೆವೆಂಬದೇ ಲೆಕ್ಕ. ಸರಿಯಬೇಕಾದ ಗಳಿಗೆಯಲ್ಲಿ ವೀರಾವೇಶದಿಂದ ಅಲ್ಲಿಯೇ ನಿಂತವನು ತಾನೂ ಕೆಡುವನು, ತನ್ನನ್ನು ನಂಬಿದವರನ್ನೂ ಕೆಡಿಸುವನು.

ಐದನೆಯದು, ಮುಂದಣ ದಾರಿಯನ್ನೇ ಶತ್ರುವು ಕಟ್ಟಿದರೆ ಏರಿ ಹೊಡೆಯುವ ಕ್ರಮ. ಗುಡ್ಡದ ಮೇಲಿರುವವನನ್ನು ಕೆಳಗಿನಿಂದ ಎದುರಾಗಿ ಏರುವದು ಸಾವಿಗೆ ಎದುರುಹೋಗುವದು. ಕೆಲವರು ಎದುರಿಗೆ ನಿಂತು ಬಾಣದಿಂದಲೂ ಕವಣೆಯಿಂದಲೂ ಅವನ ಕಣ್ಣನ್ನು ತಮ್ಮ ಕಡೆಗೆ ಸೆಳೆದಿರಬೇಕು. ಉಳಿದವರು ಗಿಡಮರಗಳ ಮರೆಯಲ್ಲಿ ಪಕ್ಕದ ಕೊರಕಲನ್ನು ಹಿಡಿದು ಅವನಿಗಿಂತ ಎತ್ತರಕ್ಕೆ ಏರಬೇಕು. ಮೇಲಿನವರು ಮೇಲೆ ಬೀಳುವ ಗಳಿಗೆಯಲ್ಲಿ ಕೆಳಗಿನವರು ಬಾಣ ಕವಣೆಗಳನ್ನು ನಿಲ್ಲಿಸಬೇಕು, ಇಲ್ಲವಾದರೆ ತಮ್ಮವರೇ ತಮ್ಮವರಿಗೆ ಬಲಿಯಾಗುವರು. ಇಷ್ಟೆಲ್ಲ ನಡೆಯಬೇಕಾದರೆ ತಂಡದ ಪ್ರತಿಯೊಬ್ಬನಿಗೂ ಮೊದಲೇ ತನ್ನ ಕೆಲಸವು ತಿಳಿದಿರಬೇಕು. ಏಕೆಂದರೆ ಕಾಡಿನಲ್ಲಿ ನಾಯಕನ ಕೂಗು ಒಂದು ತಿರುವಿನಾಚೆಗೆ ಕೇಳಿಸದು.

ಇದೇ ಕಿತ್ತೂರು ಖಾನಾಪುರಗಳ ಕಾಡುಗುಡ್ಡಗಳಲ್ಲಿ ೧೮೨೯-೩೦ರಲ್ಲಿ ಸಂಗೊಳ್ಳಿ ರಾಯಣ್ಣನು ಚಿಕ್ಕ ಚಿಕ್ಕ ತಂಡಗಳಿಂದಲೇ ಕುಂಪಣಿಯ ಸರಕಾರವನ್ನು ಕಂಗೆಡಿಸಿದನೆಂಬದನ್ನು ನೆನೆದರೆ, ಆ ನೆಲದ ಗುಣವು ಏಳು ಶತಮಾನಗಳಲ್ಲಿ ಬದಲಾಗಲಿಲ್ಲವೆಂಬದು ಸ್ಪಷ್ಟವಾಗುವದು. ರಾಯಣ್ಣನು ಸೆರೆಸಿಕ್ಕಿದುದು ಕಾಡು ಕೈಬಿಟ್ಟುದರಿಂದಲ್ಲ, ನಂಬಿದವರ ದ್ರೋಹದಿಂದ. ತಂಡವು ಚಿಕ್ಕದಾದಷ್ಟೂ ಅದರಲ್ಲಿಯ ಒಬ್ಬೊಬ್ಬನ ನಿಷ್ಠೆಯ ಬೆಲೆಯು ದೊಡ್ಡದಾಗುವದು. ಶರಣರ ತಂಡಗಳಲ್ಲಿ ಸಂಬಳಕ್ಕಾಗಿ ನಿಂತವರು ಇರಲಿಲ್ಲ. ಅವರನ್ನು ಕೂಡಿಸಿದುದು ಒಂದೇ ಪಾದೋದಕ, ಒಂದೇ ಪ್ರಸಾದ.

ಗಣಾಚಾರದ ನಿಜಾರ್ಥ

ದಯೆಯನ್ನೇ ಧರ್ಮದ ಮೂಲವಾಗಿ ತಿಳಿದ ಶರಣರು ಆಯುಧವನ್ನು ಹಿಡಿದುದು ಸರಿಯೇ ಎಂಬ ಸಂಶಯವು ಇಲ್ಲಿ ಸಹಜವಾಗಿ ಹುಟ್ಟುವದು. ಇದನ್ನು ಮರೆಸಿ ಹೋಗುವದು ಯೋಗ್ಯವಲ್ಲ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರವೆಂಬ ಪಂಚಾಚಾರಗಳಲ್ಲಿ ಗಣಾಚಾರವು ನಾಲ್ಕನೆಯದು. ಅದರ ಮುಂದಣದು ಭೃತ್ಯಾಚಾರ, ಅಂದರೆ ಸಕಲರಿಗೂ ತಾನು ಕಿಂಕರನೆಂಬ ಭಾವ. ಗಣಾಚಾರವು ಭೃತ್ಯಾಚಾರದಲ್ಲಿ ಮುಗಿಯಬೇಕೇ ಹೊರತು ಅಹಂಕಾರದಲ್ಲಿ ಮುಗಿಯಬಾರದು. ಸೇಡಿಗಾಗಿ ಹಿಡಿದ ಆಯುಧವು ಗಣಾಚಾರವಲ್ಲ. ಗಣವು ಅಳಿಯುತ್ತಿರುವಾಗ, ಅದರ ಅರಿವು ಸುಟ್ಟುಹೋಗುತ್ತಿರುವಾಗ, ಕೈಕಟ್ಟಿ ನಿಂತು ತಾನೊಬ್ಬನು ಶುದ್ಧನಾಗಿ ಉಳಿಯುವದೂ ಗಣಾಚಾರವಲ್ಲ.

ಮಾಚಿದೇವರು ಮಾಡಿದುದನ್ನು ಈ ಅಳತೆಯಿಂದ ನೋಡಬೇಕು. ಅವರು ಕಲ್ಯಾಣವನ್ನು ಗೆಲ್ಲಲು ಹೊರಳಿ ಬರಲಿಲ್ಲ. ಸೋವಿದೇವನ ಸಿಂಹಾಸನವನ್ನು ಬಯಸಲಿಲ್ಲ. ಒಂದು ಊರನ್ನು ಸೂರೆಗೊಂಡ ಕಥೆಯು ಅವರ ಹೆಸರಿನಲ್ಲಿಲ್ಲ. ಶತ್ರುವು ನಿಂತಲ್ಲಿ ಅವರು ಸರಿದರು. ಶತ್ರುವು ಬೆನ್ನಟ್ಟಿದಲ್ಲಿ ನಿಂತರು. ಮುಂದೆ ಸಾಗುವವರಿಗೆ ಇನ್ನೊಂದು ದಿನದ ದಾರಿಯು ಸಿಕ್ಕಿದರೆ ಅವರ ಕಾಳಗವು ಮುಗಿಯಿತು. ಮಲಿನವಾದ ಬಟ್ಟೆಯನ್ನು ಕಲ್ಲಿಗೆ ಬಡಿಯುವವನು ಬಟ್ಟೆಯನ್ನು ಹರಿಯಲೆಂದು ಬಡಿಯುವದಿಲ್ಲ. ಎಷ್ಟು ಬೇಕೋ ಅಷ್ಟೇ ಬಲವನ್ನು ಪ್ರಯೋಗಿಸುವದು ಅವನ ಕಾಯಕದ ಮೊದಲ ಪಾಠವು. ಆ ಪಾಠವನ್ನೇ ಅವರು ರಣದಲ್ಲಿಯೂ ಮರೆಯಲಿಲ್ಲ.

ಲಿಂಗೈಕ್ಯವೂ ಅದರ ಫಲವೂ

ಹಿಂಗಾವಲಿನಲ್ಲಿ ನಿಂತವರು ತಾವು ಉಳವಿಯನ್ನು ಕಾಣುವೆವೆಂಬ ಆಸೆಯನ್ನು ಇಟ್ಟುಕೊಂಡಿರಲಾರರು. ಡೋಹರ ಕಕ್ಕಯ್ಯನವರು ಖಾನಾಪುರ ಸೀಮೆಯ ಕಕ್ಕೇರಿಯಲ್ಲಿ ಐಕ್ಯರಾದರು. ಅವರ ಸಮಾಧಿಯು ಅಲ್ಲಿದೆ. ಮಾಚಿದೇವರು ಮಲಪ್ರಭೆಯ ಸೀಮೆಯಲ್ಲಿಯೇ, ಉಳವಿಯ ಮಲೆಗಳು ಇನ್ನೂ ದೂರವಿರುವಾಗಲೇ ಲಿಂಗೈಕ್ಯರಾದರೆಂದು ಆ ಭಾಗದ ಐತಿಹ್ಯವು ಹೇಳುವದು. ಒಬ್ಬರು ತೊಗಲು ಹದಮಾಡುವ ಕಾಯಕದವರು, ಒಬ್ಬರು ಬಟ್ಟೆ ಒಗೆಯುವ ಕಾಯಕದವರು. ಲೋಕವು ಎಲ್ಲರ ಹಿಂದೆ ನಿಲ್ಲಿಸಿದ್ದ ಕುಲಗಳವರು ಆ ದಿನ ತಾವಾಗಿಯೇ ಎಲ್ಲರ ಹಿಂದೆ ನಿಂತರು; ಆ ಕಡೆಯ ಸ್ಥಾನವೇ ಸೇನಾಪತಿಯ ಸ್ಥಾನವಾಯಿತು.

ಅವರು ಗಳಿಸಿಕೊಟ್ಟ ಹೊತ್ತು ವ್ಯರ್ಥವಾಗಲಿಲ್ಲ. ಕಾಡಿನಾಚೆಗೆ ಪಲಸಿಗೆಯ ಸೀಮೆಯು, ಅಂದರೆ ಈಗಿನ ಹಲಸಿಯ ಸುತ್ತಣ ನಾಡು, ಗೋವೆಯ ಕದಂಬರ ಕೈಯಲ್ಲಿತ್ತು. ಅಲ್ಲಿ ಆಗ ಆಳುತ್ತಿದ್ದವನು ಶಿವಚಿತ್ತನೆಂಬ ಹೆಸರನ್ನು ಧರಿಸಿದ ಪೆರ್ಮಾಡಿದೇವನು. ಚನ್ನಬಸವಣ್ಣನವರು ಉಳವಿಯನ್ನು ಮುಟ್ಟಿದರು. ಅಲ್ಲಿಯೇ ಅವರು ಐಕ್ಯರಾದರು. ಅಲ್ಲಿಯ ಮಹಾಮನೆಯ ಗವಿ, ಅಕ್ಕನಾಗಮ್ಮನವರ ಗವಿ, ಹರಳಯ್ಯನ ಚಿಲುಮೆ, ವಿಭೂತಿಯ ಕಣಜ ಇವುಗಳ ಹೆಸರುಗಳಲ್ಲಿ ಕಲ್ಯಾಣವೇ ಮತ್ತೊಮ್ಮೆ ಕಾಡಿನಲ್ಲಿ ನೆಲೆಗೊಂಡಂತಿದೆ. ಮಾಘಮಾಸದ ಜಾತ್ರೆಗೆ ಚಕ್ಕಡಿಗಳನ್ನು ಕಟ್ಟಿಕೊಂಡು ಹೋಗುವ ಭಕ್ತರು ಗುಡ್ಡದ ತಿರುವುಗಳಲ್ಲಿ ಏರಿಳಿಯುವಾಗ, ಆ ದಾರಿಯು ಯಾರ ಪ್ರಾಣದಿಂದ ತೆರೆದುದೆಂಬದನ್ನು ಸ್ಮರಿಸುವದು ಒಳಿತು.

ಬೆನ್ನಟ್ಟಿದ ಕಲಚುರ್ಯರ ರಾಜ್ಯವು ೧೧೮೪ರ ಹೊತ್ತಿಗೆ, ಇಪ್ಪತ್ತು ವರ್ಷ ತುಂಬುವ ಮೊದಲೇ, ಇಲ್ಲವಾಯಿತು. ಓಲೆಯ ಕಟ್ಟುಗಳು ಉಳಿದವು. ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ವಿರಕ್ತರು ವಚನಗಳನ್ನು ಕಲೆಹಾಕಿದಾಗಲೂ, ೧೯೨೩ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದಾಗಲೂ, ಕಲೆಹಾಕಲು ಏನಾದರೂ ಇದ್ದುದು ಅಂದು ಅದನ್ನು ಹೊತ್ತವರಿಂದ, ಹೊತ್ತವರ ಬೆನ್ನನ್ನು ಕಾಯ್ದವರಿಂದ. ನಾವು ನಿತ್ಯಪೂಜೆಯಲ್ಲಿ ಹೇಳುವ ಒಂದೊಂದು ವಚನದ ಹಿಂದೆಯೂ ಇಂತಹ ಹಿಂಗಾವಲೊಂದು ಇದೆ.

ಭಕ್ತರ ಕರ್ತವ್ಯ

ಕರ್ನಾಟಕದಲ್ಲಿ ಈಗ ಪ್ರತಿವರ್ಷ ಫೆಬ್ರವರಿ ೧ರಂದು ಮಾಚಿದೇವರ ಜಯಂತಿಯನ್ನು ಸರಕಾರದ ವತಿಯಿಂದ ಆಚರಿಸಲಾಗುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಹೂಮಾಲೆಯನ್ನು ಹಾಕಿ ಕೈಮುಗಿದಷ್ಟಕ್ಕೆ ಅವರ ಋಣವು ತೀರುವದಿಲ್ಲ. ನಮ್ಮ ಹಳ್ಳಿಗಳ ಹಳೆಯ ಮನೆತನಗಳಲ್ಲಿ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿ ಪೂಜಿಸುವ ಓಲೆಯ ಕಟ್ಟುಗಳು ಇನ್ನೂ ಕೆಲಕೆಲವೆಡೆ ಇವೆ. ವಿಭೂತಿ ಹಚ್ಚಿ ನಮಸ್ಕರಿಸುವದುಂಟು, ಬಿಚ್ಚಿ ನೋಡುವದಿಲ್ಲ. ಒಳಗೆ ಹುಳು ತಿನ್ನುತ್ತಿರುವದು ಪೂಜಿಸುವವರಿಗೆ ತಿಳಿಯದು. ಅಂದು ಕುದುರೆಯ ಖುರಪುಟದಿಂದ, ಹೊಳೆಯ ಸೆಳವಿನಿಂದ, ಕಾಡಿನ ಮಳೆಯಿಂದ ಉಳಿದು ಬಂದುದು ಇಂದು ನಮ್ಮ ಜಗಲಿಯ ಮೇಲೆ ಹುಡಿಯಾಗಿ ಹೋದರೆ, ಆ ಸೋಲು ಸೋವಿದೇವನ ದಂಡಿನಿಂದ ಆದುದಲ್ಲ.

ಆದುದರಿಂದ ಭಕ್ತಮಹಾಶಯರು ತಮ್ಮ ಮನೆಗಳಲ್ಲಿಯ ಇಂತಹ ಕಟ್ಟುಗಳನ್ನು ತೆರೆಯಿಸಿ ನೋಡಬೇಕು, ಬಲ್ಲವರಿಂದ ಓದಿಸಬೇಕು, ಪ್ರತಿಮಾಡಿಸಲು ಶ್ರೀಮಠಕ್ಕೆ ತಂದು ತೋರಿಸಿ, ಪ್ರತಿಯಾದ ಮೇಲೆ ಮರಳಿ ಒಯ್ಯಬೇಕು. ಒಯ್ಯುವಾಗ ಹಳೆಯ ಬಟ್ಟೆಯನ್ನು ತೆಗೆದು, ಒಗೆದು ಒಣಗಿಸಿದ ಮಡಿಬಟ್ಟೆಯಲ್ಲಿ ಸುತ್ತಬೇಕು. ಮಡಿವಾಳ ಮಾಚಿದೇವರಿಗೆ ಸಲ್ಲಿಸತಕ್ಕ ಸೇವೆಯು ಇದಕ್ಕಿಂತ ಹೆಚ್ಚಿನದಿಲ್ಲ.

ಶಿವಂ ಭೂಯಾತ್.